ಶಾಬ್ಲಿಯ ಸೀಸೆ, ಶಹಾಪುರದ ಚಳಿ

ಹೋದ ಬೇಸಿಗೆಯಲ್ಲಿ ನಾರಾಯಣಪುರಕ್ಕೆ ಹೋಗಿದ್ದೆ. ನನ್ನ ತಮ್ಮನ ಮಗ ಅಲ್ಲಿ ನೀರಾವರಿ ಇಲಾಖೆಯ ಕೆಲಸದಲ್ಲಿದ್ದಾನೆ, ಆಣೆಕಟ್ಟಿನ ಹತ್ತಿರವೇ ಕ್ವಾರ್ಟರ್ಸ್. ಮಧ್ಯಾಹ್ನದ ಬಿಸಿಲಿಗೆ ಅಂಗಳಕ್ಕೆ ಹಾಸಿದ ಫರಸಿಕಲ್ಲು ಕಾದು ಕಾಲಿಡದಂತಾಗಿತ್ತು. ಅವನ ಹೆಂಡತಿ ಒಂದು ಕೊಡ ನೀರು ತಂದು ಕಲ್ಲಿನ ಮೇಲೆ ಚೆಲ್ಲಿದಳು. ಒಮ್ಮೆಲೇ ಒಂದು ವಾಸನೆ ಎದ್ದಿತು. ಮಣ್ಣಿಗೆ ಮಳೆ ಬಿದ್ದಾಗ ಏಳುವ ಆ ತುಂಬು ವಾಸನೆಯಲ್ಲ, ಸುಣ್ಣಗಲ್ಲಿನದು. ಒಣ, ತೆಳು, ಎಲ್ಲೋ ಒಂದಿಷ್ಟು ಉಪ್ಪು. ನಾನು ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟೆ.

"ಯಾಕತ್ತಿ, ಏನಾತು?" ಎಂದಳು ಹುಡುಗಿ.

"ಏನಿಲ್ಲವಾ. ಈ ವಾಸನಿ ನಾ ಒಮ್ಮಿ ಕುಡದೇನಿ," ಎಂದೆ.

ಮುದುಕಿಗೆ ಬಿಸಿಲು ತಲೆಗೇರಿದೆ ಎಂದುಕೊಂಡಳೇನೋ, ನಕ್ಕು ಒಳಗೆ ಹೋದಳು. ನಾನು ಹೇಳಿದ್ದು ನಿಜವೇ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ರಾಜ್ಯ ಹಿಂದುಸ್ತಾನಕ್ಕೆ ಸೇರಿದ ವರ್ಷದ ಚಳಿಗಾಲ ಅದು. ಆಗ ನಾನು ಶಹಾಪುರದಲ್ಲಿದ್ದೆ.

ನಮ್ಮೂರು ಶಹಾಪುರದಿಂದ ಕೆಂಭಾವಿಗೆ ಹೋಗುವ ದಾರಿಯಲ್ಲಿರುವ ಒಂದು ಸಣ್ಣ ಹಳ್ಳಿ. ಮದುವೆಯಾದ ವರ್ಷವೇ ಗಂಡ ತೀರಿಕೊಂಡಿದ್ದ. ವಿಜಾಪುರದಲ್ಲಿದ್ದ ಸೋದರಮಾವ ನನ್ನನ್ನು ಕರೆದೊಯ್ದು ಆಸ್ಪತ್ರೆಯಲ್ಲಿ ನರ್ಸಿನ ಕೆಲಸ ಕಲಿಸಿದ. ರಜಾಕಾರರ ಗಲಾಟೆಯ ದಿನಗಳಲ್ಲಿ ನಮ್ಮವ್ವ ನಿಂಗವ್ವನೂ ಊರವರ ಜೊತೆ ಬಂಡಿ ಕಟ್ಟಿಕೊಂಡು ಹುಣಸಗಿ ದಾಟಿ, ತಾಳಿಕೋಟೆಯ ಕಡೆ ಮುಂಬಯಿ ಸರ್ಕಾರದ ನೆಲಕ್ಕೆ ಬಂದು ಉಳಿದಿದ್ದಳು. ಸೈನ್ಯ ಬಂದು ಹೋದ ಮೇಲೆ ಇಬ್ಬರೂ ಒಟ್ಟಿಗೆ ಹಿಂದಿರುಗಿದೆವು. ಭಯ ನಮ್ಮ ಸೀಮೆಯಲ್ಲಿ ಎರಡು ಸಲ ನಡೆದುಹೋಗಿತ್ತು. ಸೈನ್ಯ ಬರುವ ಮುಂಚೆ ಒಂದು ಓಣಿಯವರ ಮನೆಗಳಿಗೆ, ಬಂದ ಮೇಲೆ ಇನ್ನೊಂದು ಓಣಿಯವರ ಮನೆಗಳಿಗೆ. ಊರಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಶಹಾಪುರದ ದವಾಖಾನೆಗೆ ಒಬ್ಬ ನರ್ಸು ಬೇಕಾಗಿದ್ದಾಳೆಂದು ಕೇಳಿ ಹೋದೆ. ಅದನ್ನು ನಡೆಸುತ್ತಿದ್ದವರು ಫ್ರಾನ್ಸ್ ದೇಶದ ಒಬ್ಬ ಡಾಕ್ಟರಬಾಯಿ. ಹೆಸರು ಮಾರ್ಗರೀತ್. ಜನರ ಬಾಯಲ್ಲಿ ಅದು ಮರಗವ್ವ ಆಗಿತ್ತು. ದೊಡ್ಡ ಯುದ್ಧಕ್ಕೆ ಮೊದಲೇ ಬಂದವರು ಹಿಂದಿರುಗಿರಲಿಲ್ಲ. ಎತ್ತರದ ಹೆಂಗಸು, ಅರ್ಧ ಬೆಳ್ಳಗಾದ ಕೂದಲು, ಬಿಳಿಯ ಉದ್ದಂಗಿ, ಕಾಲಿಗೆ ಶಹಾಪುರದ ಮಾದಿಗರ ಕೇರಿಯಲ್ಲಿ ಹೊಲಿಸಿದ ಚಪ್ಪಲಿ. ಕನ್ನಡವನ್ನು ಬಸುರಿಯರಿಂದಲೂ ಬಾಣಂತಿಯರಿಂದಲೂ ಕಲಿತಿದ್ದರಿಂದ ಅಪ್ಪಟ ಶಹಾಪುರದ ಮಾತು. ಗಲಾಟೆಯ ತಿಂಗಳುಗಳಲ್ಲಿ ಎರಡೂ ಕಡೆಯ ಗಾಯಾಳುಗಳು ಆ ಒಂದೇ ಪಡಸಾಲೆಯಲ್ಲಿ ಮಲಗಿದ್ದರಂತೆ.

ನಾನು ಹೋಗಿ ನಿಂತಾಗ ಹೆಸರು ಕೇಳಿದರು. ಶಾಂತವ್ವ ಎಂದೆ.

"ಶಾಂತಾ?" ಎಂದು ತಲೆಯೆತ್ತಿ ನೋಡಿದರು. "ನಮ್ಮೂರಿನ ಹೊಳಿ ಹೆಸರೂ ಹಂಗ ಐತಿ. ಸೆರೆನ್ ಅಂತಾರ. ನಮ್ಮ ಮಾತಿನ್ಯಾಗ ಅದು ಶಾಂತ ಅಂದಂಗ. ನಾಳೆಯಿಂದ ಬಾ."

ಕೆಲಸ ಸಿಕ್ಕಿದ್ದು ಹೊಳೆಯ ಹೆಸರಿನಿಂದಲೋ ವಿಜಾಪುರದಲ್ಲಿ ಕಲಿತದ್ದರಿಂದಲೋ ನನಗೆ ಇಂದಿಗೂ ತಿಳಿಯದು.

ಅಲ್ಲಿ ಇದ್ದ ಇನ್ನೊಬ್ಬರು ಕಂಪೌಂಡರ್ ಖಾಜಾಸಾಬರು. ಐವತ್ತರ ಆಸುಪಾಸಿನವರು, ಐದು ಹೊತ್ತಿನ ನಮಾಜಿನವರು. ಕಹಿ ಔಷಧಿಯನ್ನೂ ಶರಬತ್ತಿನಂತೆ ಹೊಗಳಿ ಕುಡಿಸುವ ಬಾಯಿ ಅವರದು.

ದೀಪಾವಳಿ ಕಳೆದು ಕೆಲವು ದಿನಕ್ಕೆ ಆ ಸೀಸೆ ಬಂತು. ಹೊಸ ಸರ್ಕಾರದ ಅಧಿಕಾರಿಯೊಬ್ಬರು ಮದರಾಸು ಕಡೆಯಿಂದ ನಮ್ಮ ತಾಲೂಕಿಗೆ ಬಂದಿದ್ದರು. ಅವರು ಮುಂಬಯಿಗೆ ಹೋಗಿದ್ದಾಗ, ಡಾಕ್ಟರಬಾಯಿಯ ಊರಿನವನೊಬ್ಬ ಹಡಗಿನಿಂದಿಳಿದು ಯಾದಗಿರಿಯ ಕಡೆ ಹೋಗುವವರನ್ನು ಹುಡುಕುತ್ತಾ ಸಿಕ್ಕನಂತೆ. ಒಣಹುಲ್ಲು ಸುತ್ತಿ ಗೋಣಿಯಲ್ಲಿ ಹೊಲಿದ ಹಸಿರು ಗಾಜಿನ ಸೀಸೆ. ಜೊತೆಗೆ ಬಾಯಿಮಾತಿನಲ್ಲಿ ತಂದೆಯ ಒಂದು ಸುದ್ದಿ: ನಾನು ಗಟ್ಟಿಯಾಗಿದ್ದೇನೆ, ನೀನು ಬರುವ ಅಗತ್ಯವಿಲ್ಲ, ಅಲ್ಲೇ ಕೆಲಸ ಮಾಡು.

ಈ ಸುದ್ದಿ ಓಣಿ ಓಣಿಗೂ ಹೋಯಿತು. ಸರ್ಕಾರ ಬದಲಾದ ಮೇಲೆ ಮರಗವ್ವ ತನ್ನ ದೇಶಕ್ಕೆ ಹೋಗಿಬಿಡುತ್ತಾಳೆಂದು ಹೆಂಗಸರು ಹೆದರಿದ್ದರು. ಶಹಾಪುರದಿಂದ ಸುರಪುರದವರೆಗೆ ಹೆರಿಗೆ ನೋಡುವ ಡಾಕ್ಟರು ಅವರೊಬ್ಬರೇ. ಅವರ ಒಬ್ಬನೇ ತಮ್ಮ ಯುದ್ಧದಲ್ಲಿ ಸತ್ತದ್ದೂ, ಮುದುಕ ತಂದೆ ಒಬ್ಬನೇ ದ್ರಾಕ್ಷಿ ಹೊಲ ನೋಡಿಕೊಂಡಿರುವುದೂ ಎಲ್ಲರಿಗೂ ಗೊತ್ತಿತ್ತು. ಆ ತಂದೆಯೇ ಬರಬೇಡ ಎಂದ ಮೇಲೆ ಇನ್ನೇನು? ಎಷ್ಟೋ ಮನೆಗಳಲ್ಲಿ ಅಂದು ನಿಶ್ಚಿಂತೆಯ ನಿದ್ದೆ.

ಖಾಜಾಸಾಬರು ಮಾತ್ರ ಸೀಸೆಯನ್ನು ದೂರದಿಂದಲೇ ನೋಡಿದರು. "ಬಾಯಿಸಾಬ್, ಇದು ಶರಾಬಲ್ಲೇನ್ರಿ?"

"ಹೌದು ಖಾಜಾಸಾಬ, ಶರಾಬ. ದ್ರಾಕ್ಷಿದು. ಆದ್ರ ಅಮಲಿಗಂತ ಕಳಿಸಿಲ್ಲ."

"ಮತ್ತ ಯಾತಕ್ರಿ?"

ಡಾಕ್ಟರಬಾಯಿ ಸೀಸೆಯನ್ನು ಬೆಳಕಿಗೆ ಹಿಡಿದರು. "ನಿಮ್ಮಪ್ಪಗ ನಿಮ್ಮ ಹೊಲಾನ ಎತ್ತಿ ನಿಮಗ ಕಳಸಾಕ ಬರತೈತೇನು? ನಮ್ಮಪ್ಪ ಕಳಸ್ಯಾನ."

ಹಡಗು, ರೈಲು, ಜೀಪಿನಲ್ಲಿ ಅಲುಗಾಡಿ ಬಂದ ರಸ ಕೂಡಲೇ ಕುಡಿದರೆ ಬಾಯಿ ಬಿಡುವುದಿಲ್ಲ, ಕತ್ತಲಲ್ಲಿ ತಣ್ಣಗೆ ಮಲಗಿರಬೇಕು ಎಂದರು. ಶಹಾಪುರದಲ್ಲಿ ತಣ್ಣನೆಯ ಕತ್ತಲು ಎಲ್ಲಿ? ದವಾಖಾನೆ ಮೊದಲು ಒಬ್ಬ ಧಾನ್ಯದ ವ್ಯಾಪಾರಿಯ ಮನೆಯಾಗಿತ್ತು. ಅಂಗಳದಲ್ಲಿ ಜೋಳ ತುಂಬಿಡುವ ಹಗೇವು ಇತ್ತು; ನೆಲದೊಳಗಿನ ಆಳದ ಕಣಜ. ಗಲಾಟೆಯ ದಿನಗಳಲ್ಲಿ ಬರಿದಾದದ್ದು ಮತ್ತೆ ತುಂಬಿರಲಿಲ್ಲ. ದೀಪ ಇಳಿಬಿಟ್ಟು ಗಾಳಿ ನೋಡಿ, ಮರಳು ತುಂಬಿದ ಬುಟ್ಟಿಯಲ್ಲಿ ಸೀಸೆ ಮಲಗಿಸಿ, ಹಗ್ಗ ಕಟ್ಟಿ ಕೆಳಗಿಳಿಸಿದೆವು. ಮೇಲೆ ಬಂಡೆ ಮುಚ್ಚಿದಾಗ ಖಾಜಾಸಾಬರು, "ಜ್ವಾಳದ ಮನ್ಯಾಗ ದ್ರಾಕ್ಷಿ ಬಾಡಿಗಿ ಬಂತು" ಎಂದರು.

ಆ ಕಾರ್ತಿಕದ ಸಂಜೆಗಳು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿವೆ. ರೋಗಿಗಳು ಹೋದ ಮೇಲೆ ಅಂಗಳದ ಫರಸಿಯ ಮೇಲೆ ಕೂರುತ್ತಿದ್ದೆವು. ಎದುರಿಗೆ ಊರ ಗುಡ್ಡ, ಅಂಗಾತ ಮಲಗಿದ ಮನುಷ್ಯನ ಹಾಗೆ. ಈಗ ಬುದ್ಧ ಮಲಗಿದ್ದಾನೆ ಎಂದು ನೋಡಲು ಜನ ಬರುತ್ತಾರೆ, ಆಗ ನಮಗದು ಬರಿಯ ಗುಡ್ಡ. ಸಂತೆಯ ದಿನ ನಮ್ಮವ್ವನೂ ಬಂದು ಕೂರುತ್ತಿದ್ದಳು. ಆಗ ಡಾಕ್ಟರಬಾಯಿ ತಮ್ಮೂರಿನ ಮಾತು ತೆಗೆಯುತ್ತಿದ್ದರು. ಊರ ಹೆಸರು ಶಾಬ್ಲಿ. ನಮ್ಮವ್ವ ಅದನ್ನು ಕೊನೆಯವರೆಗೂ ಶಾಬಾದಿ ಎಂದೇ ಅಂದಳು, ಫರಸಿಕಲ್ಲು ಬರುವ ನಮ್ಮ ಶಹಾಬಾದಿನ ಹಾಗೆ.

ಡಾಕ್ಟರಬಾಯಿ ಅದಕ್ಕೆ ನಗಲಿಲ್ಲ. "ತಪ್ಪೇನಿಲ್ಲ ನಿಂಗವ್ವ. ನಮ್ಮಲ್ಲೂ ಸುಣ್ಣಗಲ್ಲನ ಐತಿ. ಬಳ್ಳಿ ಬೇರು ಆ ಕಲ್ಲಿನ ಸಂದಿನ್ಯಾಗ ಇಳದಿರತಾವ. ಒಂದು ಕಾಲಕ್ಕ ಅದು ಸಮುದ್ರದ ತಳ. ಹೊಲ ಅಗದ್ರ ಈಗೂ ಸಿಂಪಿ ಸಿಗತಾವ."

ಇದನ್ನು ಹೇಳಿದ ದಿನ ಅವರು ಮಂಡಿಯೂರಿ ಕೂತು, ನಮ್ಮ ಅಂಗಳದ ಕಲ್ಲಿನಲ್ಲಿ ಸಿಂಪಿ ಹುಡುಕಿದರು. ಬೂದುಬಣ್ಣದ ನಯವಾದ ಕಲ್ಲು. ಅಲೆಯಂಥ ಗೆರೆಗಳಿದ್ದವು, ಸಿಂಪಿ ಒಂದೂ ಇರಲಿಲ್ಲ. ಕೊನೆಗೆ ಎದ್ದು ಮಂಡಿ ಒರೆಸಿಕೊಂಡು, "ನಿಮ್ಮ ಸಮುದ್ರ ನಮ್ಮದಕ್ಕಿಂತ ಭಾಳ ಹಳೇದು. ಸಿಂಪಿ ಹುಟ್ಟೂಕಿಂತ ಮೊದಲಿಂದು," ಎಂದರು. ಅವ್ವ ತಾನು ಕೂತ ಕಲ್ಲನ್ನು ಮೆಲ್ಲಗೆ ಸವರಿದಳು. ಸಮುದ್ರವನ್ನು ಆಕೆ ನೋಡಿದವಳೇ ಅಲ್ಲ, ಅಷ್ಟು ಕಾಲದಿಂದ ಅದರ ಮೇಲೆಯೇ ಕೂತು ಜೋಳ ಹಸನು ಮಾಡುತ್ತಿದ್ದಳು.

ಆ ದ್ರಾಕ್ಷಿಯ ಹೆಸರು ಶಾರ್ದೊನೆ. ಬಿಸಿಲಿನ ನಾಡಿನಲ್ಲಿ ಬೆಳೆದರೆ ಅದೇ ಹಣ್ಣು ದಪ್ಪಗೆ, ಜೇನಿನಂತೆ ಆಗುತ್ತದಂತೆ. ಅವರ ಊರಿನಲ್ಲಿ ಬಳ್ಳಿ ಬದುಕುವುದೇ ಚಳಿಯ ಅಂಚಿನಲ್ಲಿ. ಇನ್ನಷ್ಟು ಬಡಗಣಕ್ಕೆ ಹೋದರೆ ಬಳ್ಳಿ ಇಲ್ಲವೇ ಇಲ್ಲ. ಹಣ್ಣು ಪೂರಾ ಸಿಹಿಯಾಗುವಷ್ಟು ಬಿಸಿಲು ಅಲ್ಲಿ ಬೀಳುವುದಿಲ್ಲ.

"ಸಿಹಿ ಆಗದ ಹಣ್ಣು ಯಾರು ತಿಂತಾರ ಯವ್ವಾ?" ಎಂದಳು ಅವ್ವ.

"ತಿನ್ನಾಕಲ್ಲ. ಆ ಉಳದ ಹುಳಿನ್ಯಾಗ ನೆಲದ ರುಚಿ ಕುಂತಿರತೈತಿ. ಸಿಹಿ ಜಾಸ್ತಿ ಆದ್ರ ಅದು ಮುಚ್ಚಿ ಹೋಗತೈತಿ."

"ನಮ್ಮ ಹಿಂಗಾರಿ ಬಿಳಿಜ್ವಾಳನೂ ಹಂಗ ಅಲ್ಲೇನು," ಎಂದಳು ಅವ್ವ. "ಮ್ಯಾಲ ಮಳಿ ಇಲ್ಲ, ಕೆಳಗ ನೀರಿಲ್ಲ. ಥಂಡಿ ಗಾಳಿ ಕುಡದು ಬೆಳೀತೈತಿ. ಮಳಿಗಾಲದ ಜ್ವಾಳಕ್ಕ ಆ ರುಚಿ ಎಲ್ಲಿಂದ ಬರಬೇಕು?"

ಡಾಕ್ಟರಬಾಯಿ ತೊಡೆ ತಟ್ಟಿದರು. "ಈ ಮಾತು ನಮ್ಮಪ್ಪ ಕೇಳಬೇಕಿತ್ತು."

ಹಿಮದ ಕತೆ ಹೇಳಿದ್ದೂ ಆಗಲೇ. ಚೈತ್ರದಲ್ಲಿ ಬಳ್ಳಿ ಚಿಗುರೊಡೆಯುತ್ತದೆ. ಅದೇ ಕಾಲಕ್ಕೆ ಬೆಳಗಿನ ಜಾವ ಇಬ್ಬನಿ ಗಟ್ಟಿಯಾಗಿ ಗಾಜಿನ ಹಾಗೆ ಚಿಗುರನ್ನು ಹಿಡಿದುಬಿಡುತ್ತದೆ. ಒಂದು ಬೆಳಗು ಹಾಗೆ ಹಿಡಿದರೆ ಸಾಕು, ಆ ವರ್ಷದ ಬೆಳೆ ಇಲ್ಲ. ಅದಕ್ಕೆ ಊರಿಗೆ ಊರೇ ಎದ್ದು ಸಾಲು ಸಾಲಿಗೂ ಸಣ್ಣ ಬೆಂಕಿ ಹಚ್ಚುತ್ತದೆ. ಇಳಿಜಾರಿನ ತುಂಬ ಬೆಂಕಿ, ಬೆಂಕಿಯ ನಡುವೆ ಜನ. ಹುಡುಗಿಯಾಗಿದ್ದಾಗ ಇವರು ತಂದೆಯ ಹಿಂದೆ ಕಟ್ಟಿಗೆ ಹೊತ್ತು ಇಳಿಜಾರು ಹತ್ತುತ್ತಿದ್ದರಂತೆ. ಅವರ ಹೊಲದ ಒಳ್ಳೆಯ ಭಾಗ ಮೇಲ್ಗಡೆ, ಕಡಿದಾದ ಜಾಗದಲ್ಲಿ. ಅಲ್ಲಿ ಮಣ್ಣು ಕಡಿಮೆ, ಕಲ್ಲೇ ಹೆಚ್ಚು.

ಬೆಳೆಗೆ ಬೆಂಕಿ ಹಚ್ಚಿ ಕಾಯುವ ಜನರನ್ನು ನಾನು ಊಹಿಸಲಾರದೆ ಹೋದೆ. ನಮ್ಮಲ್ಲಿ ಬೆಂಕಿಯೆಂದರೆ ಬಣವೆ ಸುಡುವುದು. ಆ ವರ್ಷವಂತೂ ನಾವು ಕಂಡ ಬೆಂಕಿಯೆಲ್ಲ ಅಂಥದ್ದೇ.

ಕಾರ್ತಿಕ ಮುಗಿಯುತ್ತಿದ್ದಂತೆ ಡಾಕ್ಟರಬಾಯಿಗೆ ಜ್ವರ ಬಂತು. ಎರಡು ದಿನ ಲೆಕ್ಕಿಸದೆ ಕೆಲಸ ಮಾಡಿದರು. ಮೂರನೆಯ ದಿನ ರೋಗಿಯೊಬ್ಬಳ ನಾಡಿ ಹಿಡಿದವರು ಹಾಗೆಯೇ ಗೋಡೆಗೆ ಒರಗಿದರು. ವಿಷಮಶೀತ ಜ್ವರ. ಈಗಿನ ಹಾಗೆ ಗುಳಿಗೆ ಕೊಟ್ಟು ಇಳಿಸುವ ಕಾಲವಲ್ಲ. ಒದ್ದೆ ಬಟ್ಟೆ, ಕಾಯಿಸಿ ಆರಿಸಿದ ನೀರು, ತೆಳುಗಂಜಿ, ಕಾಯುವುದು, ಇಷ್ಟೇ. ನಾನು ಅವರ ಕೋಣೆಯಲ್ಲೇ ಉಳಿದೆ, ಖಾಜಾಸಾಬರು ಹೊರಗಿನ ರೋಗಿಗಳನ್ನು ನೋಡಿಕೊಂಡರು. ಬಾಗಿಲ ಹೊರಗೆ ಯಾವಾಗಲೂ ಯಾರಾದರೂ ಹೆಂಗಸರು ಕೂತಿರುತ್ತಿದ್ದರು. ಬುರ್ಖಾದವರು, ಸೆರಗಿನವರು, ಗಲಾಟೆಯಾದ ಮೇಲೆ ಒಬ್ಬರ ಮುಖ ಒಬ್ಬರು ನೋಡದವರು, ಆ ಜಗಲಿಯಲ್ಲಿ ಪಕ್ಕಪಕ್ಕದಲ್ಲಿ ಕೂತು "ಇವತ್ತು ಹೆಂಗೈತಿ?" ಎಂದು ನನ್ನನ್ನೇ ಕೇಳುತ್ತಿದ್ದರು.

ಜ್ವರವೇನೋ ಇಳಿಯಿತು. ಆದರೆ ಬಾಯಿ ರುಚಿ ಹಿಂದಿರುಗಲಿಲ್ಲ. ಗಂಜಿ ಕೊಟ್ಟರೆ ಮುಖ ತಿರುಗಿಸುತ್ತಿದ್ದರು. ಮೊಸರು, ಬೆಲ್ಲ, ನಿಂಬೆ, ಉಪ್ಪು, ಎಲ್ಲ ಮಾಡಿ ನೋಡಿದೆ. ಎಲುಬಿನ ಮೇಲೆ ಚರ್ಮ ಅಂಟಿಸಿದಂತಾದರು. ವಿಜಾಪುರದಲ್ಲಿ ನಾನು ಇದನ್ನು ಕಂಡಿದ್ದೆ. ಜ್ವರ ಗೆದ್ದವರು ಊಟ ಬಿಟ್ಟು ಸೋಲುವುದನ್ನು.

"ಒಂದು ಚಮಚೆರ ತಗೋರಿ ಬಾಯಾರ," ಎಂದೆ.

"ಎಲ್ಲಾ ಸುಣ್ಣಾ ತಿಂದಂಗ ಆಗಾಕತ್ತೈತಿ. ನಾಲಿಗಿ ಸತ್ತೈತಿ ಶಾಂತಾ." ಸಾವಿನ ಮಾತಿಗೆ ಹೆದರದ ಹೆಂಗಸು ಈ ಮಾತು ಹೇಳುವಾಗ ಹೆದರಿದ್ದರು.

ಆ ವಾರ ಸಂತೆಗೆ ಬಂದ ಅವ್ವ ಒಳಗೆ ಬಂದು ನೋಡಿದಳು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು, "ಕಡ್ಲಿ ಹುಳಿ ಕೊಟ್ಟು ನೋಡೇನು? ನೀ ಸಣ್ಣಾಕಿ ಇದ್ದಾಗ ಉಣ್ಣದಂಗ ಆಗಿದ್ದಿ, ಅದನ್ನ ಕೊಟ್ಟಿದ್ದೆ," ಎಂದಳು. ನಾನು ಅನುಮಾನಿಸಿದೆ. ಈ ಜ್ವರದಲ್ಲಿ ಕರುಳು ಹುಣ್ಣಾಗಿರುತ್ತದೆ, ಹುಳಿ ತಾಳುತ್ತದೋ ಇಲ್ಲವೋ. ಖಾಜಾಸಾಬರನ್ನು ಕೇಳಿದೆ. ಅವರು ಗಡ್ಡ ನೀವಿಕೊಂಡು, "ನೀರ ಹಾಕಿ, ನಾಲಿಗಿಗೆ ಮುಟ್ಟಿಸು. ಹೊಟ್ಟಿಗೆ ಬ್ಯಾಡ. ಕೆಲಸ ನಾಲಿಗೀದೇ ಅಲ್ಲೇನು?" ಎಂದರು. ಅಂದೇ ಅವ್ವನ ಜೊತೆ ಬಂಡಿ ಹತ್ತಿ ಊರಿಗೆ ಹೋದೆ.

ಮರುದಿನ ಬೆಳಗಾಗುವ ಮುಂಚೆ ಹೊಲಕ್ಕೆ ನಡೆದೆವು. ಅಂಥ ಚಳಿ ನಮ್ಮ ಸೀಮೆಗೆ ಅಪರೂಪ. ಎರೆನೆಲ ಕಾಲಿಗೆ ಕಬ್ಬಿಣದಂತೆ ತಣ್ಣಗಿತ್ತು. ಕಡಲೆ ಗಿಡಗಳು ಮೊಣಕಾಲೆತ್ತರ, ಕಾಯಿ ಕಟ್ಟುವ ಹೊತ್ತು. ಪ್ರತಿ ಎಲೆಯ ಮೇಲೂ ಹನಿ. ನೋಡಿದರೆ ಇಬ್ಬನಿ, ಬೆರಳಿಗೆ ತಗುಲಿಸಿ ನೆಕ್ಕಿದರೆ ಹಲ್ಲು ಚುರುಗುಟ್ಟುವ ಹುಳಿ. ಗಿಡವೇ ರಾತ್ರಿಯೆಲ್ಲ ಬೆವರಿ, ಆ ಬೆವರಿಗೆ ಚಳಿ ಸೇರಿ ಆದದ್ದು. ಒಗೆದ ಧೋತರದ ಎರಡು ತುದಿ ಅವ್ವ ಹಿಡಿದಳು, ಎರಡು ತುದಿ ನಾನು. ಗಿಡಗಳ ತಲೆಯ ಮೇಲೆ ಅದನ್ನು ಎಳೆಯುತ್ತಾ ಸಾಲಿನಿಂದ ಸಾಲಿಗೆ ಹೋದೆವು. ಬಟ್ಟೆ ಭಾರವಾಗುತ್ತಾ ಬಂತು. ಕಣಕಾಲು ಉರಿಯತೊಡಗಿತು. ಮೂಡಣದಲ್ಲಿ ಬೆಳಕು ಹರಿದು ಹೊಲವೆಲ್ಲ ಒಮ್ಮೆಲೇ ಮಿನುಗಿದಾಗ ನಾನು ಬಟ್ಟೆ ಹಿಡಿದುಕೊಂಡೇ ನಿಂತುಬಿಟ್ಟೆ. ಹುಟ್ಟಿದಾಗಿನಿಂದ ನೋಡಿದ ಹೊಲ. ಆದರೆ ಚಳಿಯ ಅಂಚಿನಲ್ಲಿ ಬದುಕುವ ಬೆಳೆ ನಮ್ಮಲ್ಲೂ ಒಂದಿದೆ ಎಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

"ಯಾಕ ನಿಂತಿ? ಹೊತ್ತು ಏರಿದ್ರ ಆರಿ ಹೋಗತೈತಿ," ಎಂದಳು ಅವ್ವ.

ಹಿತ್ತಾಳೆ ಪಾತ್ರೆಗೆ ಹಿಂಡಬಾರದು, ಹುಳಿ ಅದನ್ನು ತಿನ್ನುತ್ತದೆ. ತಂದಿದ್ದ ಔಷಧಿ ಸೀಸೆಗೆ ಹಿಂಡಿಕೊಂಡು ಮಧ್ಯಾಹ್ನದ ಹೊತ್ತಿಗೆ ಶಹಾಪುರಕ್ಕೆ ಬಂದೆ.

ನೀರು ಬೆರೆಸಿ ಹತ್ತಿಯಲ್ಲಿ ಅದ್ದಿ ಡಾಕ್ಟರಬಾಯಿಯ ನಾಲಿಗೆಗೆ ಮುಟ್ಟಿಸಿದೆ. ಕಣ್ಣು ಮುಚ್ಚಿಕೊಂಡೇ ಇದ್ದವರು ಒಮ್ಮೆ ತುಟಿ ಬಿಗಿದರು. ಮತ್ತೆ ಬಾಯಿ ತೆರೆದರು. ಇನ್ನೊಮ್ಮೆ ಮುಟ್ಟಿಸಿದೆ. ಅವರು ತಮ್ಮ ಮಾತಿನಲ್ಲಿ ಏನೋ ಹೇಳಿದರು. ಕಣ್ಣ ಕೊನೆಯಿಂದ ನೀರು ಇಳಿದು ದಿಂಬಿಗೆ ಹೋಯಿತು.

"ಉರೀತೇನ್ರಿ?" ಎಂದೆ, ಗಾಬರಿಯಾಗಿ.

"ಇಲ್ಲ." ಈಗ ಕನ್ನಡಕ್ಕೆ ಬಂದಿದ್ದರು. "ಯಾರ ಹೊಲ ಇದು?"

"ನಮ್ಮದ್ರಿ. ಕಡ್ಲಿ ಮ್ಯಾಲಿನ ಮಂಜು."

"ನಮ್ಮ ಹಸಿ ದ್ರಾಕ್ಷಿನೂ ಇದ ಹುಳಿ," ಎಂದರು. "ಇದ ಹುಳಿ, ಶಾಂತಾ."

ಆ ಸಂಜೆ ಒಂದು ಬಟ್ಟಲು ಜೋಳದ ಗಂಜಿ ಕುಡಿದರು. ಜಗಲಿಯ ಹೆಂಗಸರಿಗೆ ಹೇಳಲು ನಾನು ಓಡಿದೆ. ಖಾಜಾಸಾಬರು ಅಂಗಳದಲ್ಲಿ ನಿಂತು ಎರಡೂ ಕೈಯೆತ್ತಿ ದುವಾ ಮಾಡಿದರು.

ಎಳ್ಳಮಾವಾಸ್ಯೆಯ ಹೊತ್ತಿಗೆ ಅವರು ಕೋಲೂರಿ ನಡೆಯುತ್ತಿದ್ದರು. ಆ ದಿನ ನಮ್ಮ ಕಡೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ, ಅಂದರೆ ಹಬ್ಬದಡುಗೆಯ ಎಡೆ, ಚೆಲ್ಲಿ ಅಲ್ಲೇ ಊಟ. ಡಾಕ್ಟರಬಾಯಿ ನಮ್ಮ ಹೊಲ ನೋಡಬೇಕೆಂದು ಹಟ ಹಿಡಿದರು. ಬಂಡಿಯಲ್ಲಿ ಹುಲ್ಲು ಹಾಸಿ ಕೌದಿ ಹೊದಿಸಿ ಕೂರಿಸಿಕೊಂಡು ಹೊರಟೆವು. ಖಾಜಾಸಾಬರೂ ಬಂದರು. ಹಗೇವಿನಿಂದ ಮೇಲೆತ್ತಿದ ಸೀಸೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಡಾಕ್ಟರಬಾಯಿಯ ಮಡಿಲಲ್ಲಿತ್ತು. "ಹಬ್ಬಕ್ಕ ಬರಿಗೈಲೆ ಹೆಂಗ ಬರಲಿ?" ಎಂದಿದ್ದರು.

ಅವ್ವ ಹೊಲದ ಸುತ್ತ ಚರಗ ಚೆಲ್ಲಿ ಬಂದಳು. ಸಜ್ಜೆ ಕಡುಬು, ಪುಂಡಿಪಲ್ಯ, ಶೇಂಗಾ ಹೋಳಿಗೆ, ಬನ್ನಿಮರದ ಕೆಳಗೆ ಎಲ್ಲ ಹರಡಿತ್ತು. ಸೀಸೆಯ ಬಿರಡೆ ತೆಗೆಯುವ ಸಲಕರಣೆ ಯಾರ ಹತ್ತಿರವೂ ಇರಲಿಲ್ಲ. ಖಾಜಾಸಾಬರು ಬಾಗಿಲಿಗೆ ಹಾಕುವ ತಿರುಪುಮೊಳೆಯೊಂದನ್ನು ಅದಕ್ಕೆ ತಿರುಗಿಸಿ, ದವಾಖಾನೆಯಿಂದ ತಂದಿದ್ದ ಹಲ್ಲು ಕೀಳುವ ಇಕ್ಕಳದಿಂದ ಎಳೆದರು. "ಹಲ್ಲಿಗಿಂತ ಮೊಂಡ ಐತ್ರಿ ಇದು," ಎಂದರು. ಬಿರಡೆ ಬಂತು.

ಔಷಧಿ ಅಳೆಯುವ ಗಾಜಿನ ಲೋಟಗಳಿಗೆ ಡಾಕ್ಟರಬಾಯಿ ಸ್ವಲ್ಪ ಸ್ವಲ್ಪ ಸುರಿದರು. ಎಳೆಬಿಸಿಲಿನ ಬಣ್ಣ, ಅಂಚಿನಲ್ಲಿ ಕಂಡೂ ಕಾಣದ ಹಸಿರು. ಖಾಜಾಸಾಬರು ಕುಡಿಯುವವರಲ್ಲ. ಡಾಕ್ಟರಬಾಯಿ ಕೇಳಿಕೊಂಡದ್ದಕ್ಕೆ ಲೋಟ ಕೈಗೆ ತೆಗೆದುಕೊಂಡು ಮೂಸಿ ನೋಡಿದರು. ಹೂವಿನದೋ ಅತ್ತರಿನದೋ ವಾಸನೆ ನಿರೀಕ್ಷಿಸಿದ್ದರೆಂದು ಕಾಣುತ್ತದೆ. ಮತ್ತೊಮ್ಮೆ ಮೂಸಿದರು.

"ಇದು ಹಣ್ಣಿಂದಲ್ರಿ ಬಾಯಿಸಾಬ್. ಕಾದ ಫರಸಿ ಮ್ಯಾಲ ಮೊದಲ ಹನಿ ಬಿದ್ದಂಗ ಐತಿ," ಎಂದು ಲೋಟವನ್ನು ಜೋಪಾನವಾಗಿ ಹಿಂದಿರುಗಿಸಿದರು.

ನಾನು ಕುಡಿದೆ. ಜೀವನದಲ್ಲಿ ಮೊದಲನೆಯ ಸಲ, ಕೊನೆಯ ಸಲವೂ ಹೌದು. ಮೊದಲು ಬಂದದ್ದು ತಣುಪು. ಸೀಸೆಯ ತಣುಪಲ್ಲ, ಒಳಗಿನದು, ಕಡಲೆ ಹೊಲದ ಬೆಳಗಿನ ಜಾವದ್ದು. ಆಮೇಲೆ ಹುಳಿ, ನಿಂಬೆ ಸಿಪ್ಪೆಯ ಹಾಗೆ ತೆಳ್ಳಗೆ. ಆ ಹುಳಿಯ ಹಿಂದೆ ಕಲ್ಲು. ಕಲ್ಲಿಗೆ ರುಚಿಯಿದೆಯೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನುಂಗಿದ ಮೇಲೂ ಅದು ಹೋಗಲಿಲ್ಲ; ನಾಲಿಗೆಯ ಬದಿಗಳಲ್ಲಿ ಉಪ್ಪಿನ ಹಾಗೆ ನಿಂತಿತು. ಸಕ್ಕರೆಯ ಸುಳಿವಿಲ್ಲ. ನಾನು ಕಾಣದ ಒಂದು ಊರು, ಅದರ ಚಳಿ, ಅದರಡಿಯ ಸಮುದ್ರ, ಬೆಳಗಿನ ಜಾವ ಬೆಂಕಿ ಹಚ್ಚುವ ಜನ, ಎಲ್ಲ ಒಂದು ಗುಟುಕಿನಲ್ಲಿ ಬಂದು ನಮ್ಮ ಬನ್ನಿಮರದ ಕೆಳಗೆ ಕೂತ ಹಾಗಾಯಿತು. ಅವ್ವ ಬೆರಳು ಅದ್ದಿ ನೆಕ್ಕಿ, "ಹುಳಿ ಐತಿ. ಆದ್ರ ನಿಂದರತೈತಿ," ಎಂದಳು.

ತಲೆಯೆತ್ತಿ ನೋಡಿದರೆ ಡಾಕ್ಟರಬಾಯಿಯ ಮುಖದಲ್ಲಿ ಸಂತೋಷವಿರಲಿಲ್ಲ. ಎರಡನೆಯ ಗುಟುಕು ತೆಗೆದುಕೊಂಡು ಬಾಯಲ್ಲೇ ಬಹಳ ಹೊತ್ತು ಇಟ್ಟುಕೊಂಡರು.

"ಕೆಟ್ಟೈತೇನ್ರಿ?" ಎಂದರು ಖಾಜಾಸಾಬರು.

"ಕೆಟ್ಟಿಲ್ಲ. ಚಲೋ ಐತಿ." ಲೋಟವನ್ನು ಕೆಳಗಿಟ್ಟರು. "ಆದ್ರ ಇದು ಮ್ಯಾಲಿನ ಹೊಲದ್ದಲ್ಲ. ತಳದ ಹೊಲದ್ದು. ಅಲ್ಲಿ ಮಣ್ಣು ಆಳ ಐತಿ, ಹಣ್ಣು ಮೆತ್ತಗ ಆಗತೈತಿ. ಅದೂ ತಡಾ ಮಾಡಿ ಕೊಯ್ದಾರ. ನಮ್ಮಪ್ಪ ಜನ್ಮದಾಗ ತಡಾ ಮಾಡಿ ಕೊಯ್ದಾಂವಲ್ಲ. ನನಗ ಕಳಸೂದಂದ್ರ ಮ್ಯಾಲಿಂದನ ಕಳಸಾಂವ."

ಇದರ ಅರ್ಥವೇನೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಅಪ್ಪ ಮ್ಯಾಲ ಹತ್ತೂದು ಬಿಟ್ಟಾನ," ಎಂದರು. "ಕಾಲು ಹೋಗ್ಯಾವು."

"ಗಟ್ಟಿ ಅದೀನಿ ಅಂತ ಹೇಳಿ ಕಳಸ್ಯಾರಲ್ರಿ," ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿತು.

"ಬಾಯಿ ಹಂಗ ಹೇಳೈತಿ. ಇದು ಹಂಗ ಹೇಳವಲ್ದು."

ನನ್ನ ಬಾಯಲ್ಲಿನ್ನೂ ಆ ಕಲ್ಲಿನ ರುಚಿ ನಿಂತಿತ್ತು. ನನ್ನನ್ನು ಕಾಣದ ಊರಿಗೆ ಒಯ್ದ ಆ ರಸ ಅವರಿಗೆ ಅರ್ಧ ಖಾಲಿಯಾದ ಮನೆಯ ಹಾಗೆ ಕಂಡಿತ್ತು. ಸಾವಿರಾರು ಹರದಾರಿ ಆಚೆ ಒಬ್ಬ ಮುದುಕ ತನ್ನ ಗುಡ್ಡ ಹತ್ತಲಾರದೆ ನಿಂತದ್ದನ್ನು ಮಗಳು ನಮ್ಮ ಹೊಲದಲ್ಲಿ ಕೂತು ನಾಲಿಗೆಯಿಂದ ಕಂಡಳು. ನಾನು ಆಮೇಲೆ ಎಷ್ಟೋ ಡಾಕ್ಟರರನ್ನು ನೋಡಿದ್ದೇನೆ, ನಾಡಿ ಹಿಡಿದು ರೋಗ ಹೇಳುವವರನ್ನೂ. ಅಂಥದ್ದನ್ನು ಮತ್ತೆ ನೋಡಲಿಲ್ಲ.

ಅವ್ವ ಅವರ ಎಲೆಗೆ ಒಂದು ಕಡುಬು ಹಾಕಿ, "ಮೊದಲ ಉಣ್ಣು ಯವ್ವಾ. ಹೋಗೂದಿದ್ರ ಮೈಯಾಗ ಕಸುವು ಬೇಕು," ಎಂದಳು.

ಶಿವರಾತ್ರಿ ಮುಗಿಯುವವರೆಗೆ ಅವರು ನಮ್ಮಲ್ಲಿದ್ದರು. ಆ ದಿನಗಳಲ್ಲಿ ನನಗೆ ಬಿಡುವೇ ಇರಲಿಲ್ಲ. ಅಡ್ಡ ಬಂದ ಕೂಸನ್ನು ತಿರುಗಿಸುವುದು, ರಕ್ತ ನಿಲ್ಲಿಸುವುದು, ಯಾವಾಗ ಕಾಯಬೇಕು, ಯಾವಾಗ ಬಂಡಿ ಕಟ್ಟಿಸಿ ರಾಯಚೂರಿಗೆ ಓಡಿಸಬೇಕು, ಎಲ್ಲ ಕೈಹಿಡಿದು ಕಲಿಸಿದರು. ನಾನು ತಪ್ಪಿದರೆ ಬೈದರು. ಒಮ್ಮೆ ನಾನು ಅತ್ತುಬಿಟ್ಟೆ. "ಅತಗೊಂತನ ಮಾಡು, ಕೈ ಮಾತ್ರ ನಡಗಬಾರದು," ಎಂದರು. ಹೋಗಬೇಡಿ ಎಂದು ನಾನು ಒಮ್ಮೆಯೂ ಹೇಳಲಿಲ್ಲ. ಹೇಳಿದ್ದು ಜಗಲಿಯ ಹೆಂಗಸರು. ಅವರಿಗೆ ಡಾಕ್ಟರಬಾಯಿ ಒಂದೇ ಉತ್ತರ ಕೊಡುತ್ತಿದ್ದರು: "ನಿಮ್ಮಪ್ಪ ಬಿದ್ದಾನಂದ್ರ ನೀವು ಹೋಗೂದಿಲ್ಲೇನು?"

ಯಾದಗಿರಿ ಸ್ಟೇಷನ್ನಿಗೆ ಖಾಜಾಸಾಬರೂ ನಾನೂ ಹೋದೆವು. ಮುಂಬಯಿ ಗಾಡಿ ತಡವಾಗಿತ್ತು. ಹೊಸ ಬಾವುಟ ಬಿಸಿಲಿನಲ್ಲಿ ಅಲುಗದೆ ನಿಂತಿತ್ತು. ಗಾಡಿ ಬಂದಾಗ ಡಾಕ್ಟರಬಾಯಿ ಖಾಜಾಸಾಬರಿಗೆ ಕೈಯೆತ್ತಿ ಸಲಾಂ ಮಾಡಿದರು. ನನ್ನ ಎರಡೂ ಕೈಗಳನ್ನು ಹಿಡಿದು, ಮಗ್ಗುಲು ತಿರುಗಿಸಿ, ಬೆರಳುಗಳನ್ನು ನೋಡಿದರು, ಒಂದು ಸಲಕರಣೆಯನ್ನು ನೋಡುವ ಹಾಗೆ. "ಚಲೋ ಅದಾವ," ಎಂದರು. ಅಷ್ಟೇ.

ಮುಂದಿನ ಮಳೆಗಾಲದಲ್ಲಿ ಅವರಿಂದ ಸುದ್ದಿ ಬಂತು. ಅವರ ನಾಲಿಗೆ ಹೇಳಿದ್ದೇ ನಿಜ. ತಂದೆ ಮೇಲಿನ ಹೊಲಕ್ಕೆ ಹತ್ತಿ ವರ್ಷಗಳಾಗಿದ್ದವು, ಬಳ್ಳಿ ಕಾಡು ಬಿದ್ದಿತ್ತು. ಇವರು ಮುಟ್ಟಿದಾಗ ಚಿಗುರೊಡೆಯುವ ಕಾಲ. ಬೆಳಗಿನ ಜಾವ ಇವರೇ ಕಟ್ಟಿಗೆ ಹೊತ್ತು ಮೇಲೆ ಬೆಂಕಿ ಹಚ್ಚಿದರಂತೆ. ಮುದುಕ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತು, ಯಾವ ಸಾಲು ಬಿಟ್ಟಿದೆಯೆಂದು ಕೂಗಿ ಹೇಳುತ್ತಿದ್ದನಂತೆ. ಆತ ಇನ್ನೂ ಕೆಲವು ಸುಗ್ಗಿ ಕಂಡ. ಡಾಕ್ಟರಬಾಯಿ ಮತ್ತೆ ಇತ್ತ ಬರಲಿಲ್ಲ.

ಆದರೆ ಅದು ಆಮೇಲಿನ ಮಾತು. ಅಂದು ಯಾದಗಿರಿಯಿಂದ ನಾವು ಶಹಾಪುರಕ್ಕೆ ಬಂದು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ದವಾಖಾನೆಯ ಮುಂದೆ ಒಂದು ಬಂಡಿ ನಿಂತಿತ್ತು. ಸುರಪುರದ ಕಡೆಯ ಯಾವುದೋ ಹಳ್ಳಿಯವರು. ಬಂಡಿಯೊಳಗೆ ಚೊಚ್ಚಲ ಬಸುರಿಯೊಬ್ಬಳು ನೊಗದ ಹಗ್ಗ ಹಿಡಿದುಕೊಂಡು ನರಳುತ್ತಿದ್ದಳು. ಅವಳ ಅತ್ತೆ ನಮ್ಮನ್ನು ನೋಡಿ ಎದ್ದು ನಿಂತಳು.

"ಮರಗವ್ವ ಹೋದ್ಳಂತ, ಖರೇನಾ?"

"ಖರೇರಿ," ಎಂದರು ಖಾಜಾಸಾಬರು.

ಮುದುಕಿ ಬಂಡಿಯ ಗಾಲಿಗೆ ಆತುಕೊಂಡಳು. "ಇನ್ನ ನಮ್ಮನ್ನ ನೋಡೋರು ಯಾರು?"

ಖಾಜಾಸಾಬರು ಬೀಗ ತೆಗೆದು ಒಳಗೆ ಹೋಗಿ ನೀರು ಕಾಯಲು ಒಲೆ ಹಚ್ಚಿದ ಸದ್ದು ಕೇಳಿತು. ನಾನು ಸೆರಗು ಸೊಂಟಕ್ಕೆ ಬಿಗಿದು ಆ ಹುಡುಗಿಯ ಹೊಟ್ಟೆಯ ಮೇಲೆ ಕೈಯಿಟ್ಟೆ. ಕೂಸಿನ ತಲೆ ಎಲ್ಲಿದೆಯೆಂದು ಬೆರಳಿಗೆ ಸಿಕ್ಕಿತು. ಕೈ ನಡುಗಲಿಲ್ಲ.

"ನಾ ನೋಡತೇನಿ," ಎಂದೆ. "ಒಳಗ ಕರಕೊಂಡು ಬರ್ರಿ."